ಗ್ಯಾರೇಜಿನ ಹಳೆ ಗರಗಸ, ಗೊಂಬೆ ಮೆಟ್ಟಿಲು: ಇಲ್ಲಿವರೆಗಿನ ಕತೆ

ಜೂನ್, ಎರಡನೇ ಶನಿವಾರ

ಪ್ರತಿ ದಸರಾಕ್ಕೂ ರಟ್ಟಿನ ಡಬ್ಬ, ಸೂಟ್‌ಕೇಸ್ ಒಂದರ ಮೇಲೊಂದು ಪೇರಿಸಿ, ಮೇಲೆ ಬಿಳಿ ಪಂಚೆ ಹೊದಿಸಿ ಗೊಂಬೆ ಕೂರಿಸುತ್ತಿದ್ದೆವು. ಹೋದ ವರ್ಷ ಮೂರನೇ ಮೆಟ್ಟಿಲು ಕುಸಿದು ಪಟ್ಟದ ಗೊಂಬೆಯ ಮೂಗು ಹೋಯಿತು. ಈ ಸಲ ಮರದ್ದೇ ಮೆಟ್ಟಿಲು ಮಾಡುತ್ತೇನೆ ಅಂತ ಮಾತು ಕೊಟ್ಟು ಸಿಕ್ಕಿಹಾಕಿಕೊಂಡಿದ್ದೇನೆ.

ಇವತ್ತು ಅಮೆರಿಕದ ಕೊಲಂಬಸ್‌ನ ನಮ್ಮ ಪಕ್ಕದ ಬೀದಿಯಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದರು. ಅಲ್ಲಿ 75 ಡಾಲರಿಗೆ ಒಂದು ಹಳೆಯ 10 ಇಂಚಿನ ರೇಡಿಯಲ್ ಆರ್ಮ್ ಗರಗಸ ಸಿಕ್ಕಿತು. ನಾಲ್ಕು ಜನ ಸೇರಿ ವ್ಯಾನಿಗೆ ಏರಿಸಿದೆವು.

ಇದನ್ನು ನೋಡದವರಿಗೆ: ಮೇಜಿನ ಹಿಂದೆ ಒಂದು ಕಂಬ. ಕಂಬದಿಂದ ಮೇಜಿನ ಮೇಲೆ ಚಾಚಿಕೊಂಡ ಒಂದು ತೋಳು. ತೋಳಿನ ಕೆಳಗೆ ಮೋಟರು ಮತ್ತು ಬ್ಲೇಡು ನೇತಾಡುತ್ತವೆ. ಮರ ಅಲ್ಲಾಡದೆ ಮಲಗಿರುತ್ತದೆ, ಬ್ಲೇಡನ್ನೇ ನಾವು ನಮ್ಮ ಕಡೆ ಎಳೆಯಬೇಕು. ರೇಮಂಡ್ ಡಿವಾಲ್ಟ್ ಅನ್ನುವವರು 1920ರ ದಶಕದಲ್ಲಿ ನ್ಯೂಜೆರ್ಸಿಯಲ್ಲಿ ಇದನ್ನು ಕಂಡುಹಿಡಿದರು, 1925ರಲ್ಲಿ ಪೇಟೆಂಟ್ ಸಿಕ್ಕಿತು. ಒಂದು ಕಾಲಕ್ಕೆ ಇಲ್ಲಿ ಗ್ಯಾರೇಜುಗಳಲ್ಲೆಲ್ಲ ಇತ್ತಂತೆ. ಈಗ ಮೇಲಿಂದ ಒತ್ತಿ ಕತ್ತರಿಸುವ ಸಣ್ಣ ಮೈಟರ್ ಗರಗಸ ಬಂದು ಇದನ್ನು ಕೇಳುವವರಿಲ್ಲ. ನನಗೆ ಅಗ್ಗಕ್ಕೆ ಸಿಕ್ಕಿದ್ದು ಅದಕ್ಕೇ.

ಜೂನ್ ಕೊನೆ

ಎರಡು ವಾರ ಬರೀ ಒರೆಸಿದ್ದು, ತಿಕ್ಕಿದ್ದು. ತೋಳಿನೊಳಗಿನ ಹಳಿಯಲ್ಲಿ ಹಳೆಯ ಗ್ರೀಸು ಮರದ ಪುಡಿಯ ಜೊತೆ ಸೇರಿ ಅಂಟಿನುಂಡೆ ಆಗಿತ್ತು. ಬ್ಲೇಡಿನ ನಟ್ಟು ಬಿಚ್ಚಲು ಅರ್ಧ ಗಂಟೆ ಒದ್ದಾಡಿದೆ. ಆಮೇಲೆ ಗೊತ್ತಾಯಿತು, ಉಲ್ಟಾ ಥ್ರೆಡ್ಡು. ಬಿಗಿ ಮಾಡುವ ಕಡೆಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ.

ಆಮೇಲೆ ಮಟ್ಟ ಹಿಡಿಯುವ ಕೆಲಸ. ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೇ ಇಟ್ಟುಕೊಂಡು ಮಾಡಿದೆ. ಮೊದಲು ತೋಳಿಗೆ ಮೇಜು ಸಮಾನಾಂತರ ಆಗಬೇಕು. ಬ್ಲೇಡು ತೆಗೆದು, ಅದು ಕೂರುವ ಶಾಫ್ಟಿನ ಕೆಳಗೆ ಒಂದು ಮರದ ತುಂಡು ಇಟ್ಟು, ಮೇಜಿನ ನಾಲ್ಕೂ ಮೂಲೆಗೆ ಓಡಾಡಿಸಿ ನೋಡಿದೆ. ಎಲ್ಲ ಕಡೆ ತುಂಡು ಒಂದೇ ಥರ ಉಜ್ಜಿಕೊಂಡು ಹೋಗಬೇಕು. ಬಲಗಡೆ ಮುಂದಿನ ಮೂಲೆ ತಗ್ಗಿತ್ತು. ಆಮೇಲೆ ಮೂಲೆಮಟ್ಟ ಹಿಡಿದು ಬ್ಲೇಡು ಮೇಜಿಗೆ ನೆಟ್ಟಗಿದೆಯಾ, ತೋಳು ಮರ ಒರಗಿಸುವ ಹಿಂದಿನ ಅಡ್ಡಪಟ್ಟಿಗೆ 90 ಡಿಗ್ರಿಯಲ್ಲಿದೆಯಾ ನೋಡಿದೆ.

ಮೂಲೆಮಟ್ಟ ಸುಳ್ಳು ಹೇಳಬಹುದು, ಮರ ಹೇಳುವುದಿಲ್ಲ. 11 ಇಂಚು ಅಗಲದ ಹಲಗೆ ಕತ್ತರಿಸಿ, ಒಂದು ತುಂಡನ್ನು ಮಗುಚಿ, ಕೊಯ್ದ ಅಂಚುಗಳನ್ನು ಮತ್ತೆ ಸೇರಿಸಿದೆ. ಒಂದು ತುದಿಯಲ್ಲಿ 1/16 ಇಂಚು ಸಂದು. ಮಗುಚಿದ್ದರಿಂದ ತಪ್ಪು ಎರಡರಷ್ಟಾಗಿ ಕಾಣುತ್ತದೆ, ಅಂದರೆ ನಿಜವಾದ ತಪ್ಪು ಅದರರ್ಧ. ಐದು ಸಲ ತಿದ್ದಿದ ಮೇಲೆ ಸಂದಿನಲ್ಲಿ ಬೆಳಕು ಕಾಣಲಿಲ್ಲ.

ಕೆಲವರು ಇದನ್ನು ಸುರಕ್ಷತೆಗೆ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ಓರೆಯಾದ ಬ್ಲೇಡು ಮರದಲ್ಲಿ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡ ಬ್ಲೇಡು ಜಿಗಿಯುತ್ತದೆ.

ಜುಲೈ, ಒಂದು ಕೆಟ್ಟ ಭಾನುವಾರ

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಯಂತ್ರದ ಜೊತೆ ಬಂದಿದ್ದ ಹಳೆಯ ಬ್ಲೇಡೇ ಇರಲಿ ಅಂದುಕೊಂಡೆ. ಹಲ್ಲು ಕಡಿಮೆ, ದಪ್ಪ, ಮುಂದಕ್ಕೆ ಬಾಗಿದ್ದವು. ಹೊರಗೆ ಮಳೆಯಲ್ಲಿ ನೆನೆದು ತಿರುಚಿಕೊಂಡಿದ್ದ ದಪ್ಪ ಪೈನ್ ತುಂಡು ಇತ್ತು. ಸುಮ್ನೆ ಒಂದು ಕೈ ನೋಡೋಣ ಅಂತ ಅದನ್ನಿಟ್ಟು ಹಿಡಿ ಎಳೆದೆ.

ಎಳೆಯಬೇಕಾಗಿಯೇ ಬರಲಿಲ್ಲ. ಬ್ಲೇಡು ಮರ ಹತ್ತಿಕೊಂಡು ಧಡ್ ಅಂತ ನನ್ನ ಕಡೆ ಬಂತು. ಅರ್ಧಕ್ಕೆ ಸಿಕ್ಕಿಕೊಂಡು ನಿಂತಿತು. ಮೋಟರು ಗುಂಯ್ ಅನ್ನುತ್ತಿತ್ತು, ಆಮೇಲೆ ಕೆಂಪು ಗುಂಡಿ ತಾನಾಗಿ ಹೊರಗೆ ಹಾರಿ ಎಲ್ಲ ಬಂದಾಯಿತು. ಎಡಗೈ ಹೆಬ್ಬೆರಳು ಎಲ್ಲಿದೆ ಅಂತ ನೋಡಿದೆ. ಬ್ಲೇಡಿನಿಂದ ಮೂರು ಇಂಚು ದೂರ. ಏನೂ ಆಗಿರಲಿಲ್ಲ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಬೆಣೆ ಹೊಡೆದು ಮರ ಬಿಡಿಸಿ, ಒಳಗೆ ಹೋಗಿ ಕೂತೆ.

"ಏನ್ರೀ, ಇಷ್ಟು ಬೇಗ ಬಂದ್ರಿ?" ಅಂದಳು ಹೆಂಡತಿ. ಕರೆಂಟು ಹೋಯ್ತು ಅಂದೆ.

ಯಾಕೆ ಹೀಗಾಯಿತು ಅಂತ ಆ ರಾತ್ರಿ ಕಾಗದದ ಮೇಲೆ ಬರೆದು ನೋಡಿದೆ. ಎತ್ತಿನ ಗಾಡಿ ನಿಮ್ಮ ಕಡೆ ಬರುತ್ತಿದೆ ಅಂದುಕೊಳ್ಳಿ. ಅದರ ಚಕ್ರ ಯಾವ ಕಡೆ ತಿರುಗುತ್ತದೋ ಈ ಬ್ಲೇಡೂ ಅದೇ ಕಡೆ ತಿರುಗುತ್ತದೆ. ಹಲ್ಲು ಮರವನ್ನು ಹಿಂದಿನ ಅಡ್ಡಪಟ್ಟಿಗೆ ಒತ್ತುತ್ತದೆ, ಅದು ಒಳ್ಳೆಯದೇ. ಆದರೆ ಮರ ಕದಲದಿದ್ದಾಗ ಬ್ಲೇಡೇ ಉರುಳಿಕೊಂಡು ನಿಮ್ಮ ಕಡೆ ಬರಬೇಕು. ಹಲ್ಲು ಮುಂದಕ್ಕೆ ಬಾಗಿದ್ದಷ್ಟೂ ಮರವನ್ನು ಕಚ್ಚಿ ಹತ್ತುತ್ತದೆ. ನನ್ನ ಮೋಟರು ನಿಮಿಷಕ್ಕೆ 3450 ಸುತ್ತು. 10 ಇಂಚಿನ ಬ್ಲೇಡಿನ ಹಲ್ಲಿನ ವೇಗ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 165 ಕಿಲೋಮೀಟರ್.

ಜುಲೈ ಮೂರನೇ ವಾರ

ಹೊಸ ಬ್ಲೇಡು ಬಂತು. 60 ಹಲ್ಲು, ಹುಕ್ ಕೋನ ಮೈನಸ್ 5 ಡಿಗ್ರಿ. ಅಂದರೆ ಹಲ್ಲು ಸ್ವಲ್ಪ ಹಿಂದಕ್ಕೆ ವಾಲಿವೆ, ಕಚ್ಚುವ ಬದಲು ಕೆರೆಯುತ್ತವೆ. ಅದೇ ಮೋಟರು, ಅದೇ ತೋಳು, ಯಂತ್ರವೇ ಬೇರೆ ಅನ್ನಿಸಿತು. ಹಳೆಯ ಗರಗಸ ತಂದವರು ಬೇರೆ ಏನಕ್ಕೂ ಮೊದಲು ಇದಕ್ಕೆ ದುಡ್ಡು ಹಾಕಿ.

ಗಾರ್ಡ್ ಬಗ್ಗೆಯೂ ನೋಡಿಕೊಂಡೆ. ಹಳೆಯ ಗಾರ್ಡು ಬ್ಲೇಡಿನ ಮೇಲ್ಭಾಗ ಮಾತ್ರ ಮುಚ್ಚುತ್ತದೆ, ಕೆಳಗೆ ಬರೀ ಬತ್ತಲೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಇಂಥ ಲಕ್ಷಾಂತರ ಹಳೆಯ ಗರಗಸಗಳಿಗೆ ರಿಕಾಲ್ ಹೊರಡಿಸಿ, ಕೆಳಭಾಗವನ್ನೂ ಮುಚ್ಚುವ ಗಾರ್ಡು ಪುಕ್ಕಟೆ ಕೊಟ್ಟಿದ್ದರು. ನನಗೆ ಮಾರಿದ ಮನೆಯವರು ಅದನ್ನು ತರಿಸಿ ಡಬ್ಬ ಒಡೆಯದೆ ಅಟ್ಟದಲ್ಲಿ ಇಟ್ಟಿದ್ದರು! ಫೋನ್ ಮಾಡಿ ಕೇಳಿದ್ದಕ್ಕೆ ಸಿಕ್ಕಿತು. ಕೂರಿಸಿದ್ದೇನೆ.

ಇನ್ನೂ ಮೂರು ಬದಲಾವಣೆ. ಮುಂದಿನ ಎರಡು ಕಾಲಿನ ಅಡಿಗೆ ಪ್ಲೈವುಡ್ ತುಂಡು ಕೊಟ್ಟು ಇಡೀ ಯಂತ್ರವನ್ನು ಕೊಂಚ ಹಿಂದಕ್ಕೆ ವಾಲಿಸಿದೆ. ಈಗ ಕೈ ಬಿಟ್ಟರೆ ಮೋಟರು ತಾನೇ ಕಂಬದ ಕಡೆ ಜಾರಿಹೋಗುತ್ತದೆ. ಮೇಜಿನ ಮೇಲೆ ಬ್ಲೇಡಿನ ಎರಡೂ ಕಡೆ 6 ಇಂಚು ಬಿಟ್ಟು ಕೆಂಪು ಟೇಪು ಅಂಟಿಸಿದೆ. ಗೆರೆಯೊಳಗೆ ಕೈ ಹೋಗುವಂತಿಲ್ಲ, ತುಂಡು ಸಣ್ಣದಿದ್ದರೆ ಕ್ಲ್ಯಾಂಪು. ಮೂರನೆಯದು ನನ್ನ ಬಲಗೈ. ಅದರ ಕೆಲಸ ಎಳೆಯುವುದು ಅಂದುಕೊಂಡಿದ್ದೆ. ನಿಜಕ್ಕೂ ಅದು ತಡೆಯುವ ಕೈ. ಗೂಟ ಕಿತ್ತ ಕರುವಿನ ಹಗ್ಗ ಹಿಡಿದ ಹಾಗೆ, ಮೊಣಕೈ ಮಡಿಸದೆ ಸೆಟೆದುಕೊಂಡು, ಮೈಯನ್ನೇ ನಿಧಾನ ಹಿಂದಕ್ಕೆ ತರಬೇಕು. ನಿಲ್ಲುವುದು ಬ್ಲೇಡಿನ ಎಡಕ್ಕೆ, ಅದರ ದಾರಿಯಲ್ಲಿ ಅಲ್ಲ. ಕೊಯ್ದ ಮೇಲೆ ಮೋಟರು ಹಿಂದೆ ಹೋಗಿ, ಬ್ಲೇಡು ಪೂರ್ತಿ ನಿಲ್ಲುವ ತನಕ ಎಡಗೈ ಮರ ಬಿಡುವುದಿಲ್ಲ. ಆಫ್ ಮಾಡಿದ ಮೇಲೂ ಬ್ಲೇಡು ಎಷ್ಟು ಹೊತ್ತು ತಿರುಗುತ್ತದೆ ಅಂದರೆ, ಆ ಹೊತ್ತಿಗೆ ನಮ್ಮ ತಾಳ್ಮೆ ಮುಗಿದಿರುತ್ತದೆ.

ಕನ್ನಡಕ, ಕಿವಿಗೆ ಮುಚ್ಚಳ ಸರಿ. ಕೈಗವಸು ಮಾತ್ರ ಬೇಡ, ಬ್ಲೇಡು ಬಟ್ಟೆ ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಉಂಗುರ ತೆಗೆದೆ. ಅಮ್ಮ ಊರಿಂದ ಕಳಿಸಿ ಕಟ್ಟಿಸಿದ ಕೆಂಪು ದಾರವನ್ನೂ ಮಣಿಕಟ್ಟಿನಿಂದ ಬಿಚ್ಚಬೇಕಾಯಿತು. ವಿಡಿಯೋ ಕಾಲ್‌ನಲ್ಲಿ ಕೈ ನೋಡಿ, "ದಾರ ಎಲ್ಲಿ ಹೋಯ್ತೋ?" ಅಂದರು. ಗರಗಸದ ಕಂಬಕ್ಕೆ ಕಟ್ಟಿದೀನಿ ಕಣಮ್ಮ ಅಂದೆ. ಒಂದು ಕ್ಷಣ ಯೋಚಿಸಿ, "ಅದಕ್ಕೇ ಜಾಸ್ತಿ ಬೇಕು ಬಿಡು" ಅಂದರು.

ಆಗಸ್ಟ್, ಕಾಲುಗಳು

ಮೆಟ್ಟಿಲು ಐದು. ಬೆಸ ಸಂಖ್ಯೆಯೇ ಆಗಬೇಕಲ್ವಾ. ಒಂದೊಂದೂ ಪ್ರತ್ಯೇಕ ಬೆಂಚಿನ ಥರ, ಹಬ್ಬ ಮುಗಿದ ಮೇಲೆ ಒಂದರೊಳಗೆ ಒಂದು ತೂರಿಸಿಡುವ ಹಾಗೆ ಮಾಡುವ ಆಸೆ ಇತ್ತು. ಎಲ್ಲವೂ 4 ಅಡಿ ಅಗಲ ಇರುವುದರಿಂದ ಅದು ಆಗಲ್ಲ ಅಂತ ಕತ್ತರಿಸುವ ಹಿಂದಿನ ದಿನ ಹೊಳೆಯಿತು. ಇರಲಿ, ಕಾಲು ಬಿಚ್ಚುವ ಹಾಗೆ ಮಾಡೋಣ.

ಎತ್ತರ 8, 16, 24, 32, 40 ಇಂಚು. ಹಲಗೆ 3/4 ಇಂಚು ದಪ್ಪ. ಮೇಲಿನ ಹಲಗೆಯ ಅಡಿಯಲ್ಲಿ 3/8 ಇಂಚು ಆಳದ ಗಾಡಿ (ಅಂದರೆ ಉದ್ದನೆಯ ತೋಡು) ಕೊರೆದು ಕಾಲು ಕೂರಿಸಬೇಕು. ಹಾಗಾಗಿ ಮೊದಲ ಜೋಡಿ ಕಾಲು 7⅝ ಇಂಚು. ನಾನು ಗಾಡಿಯ ಆಳ ಮರೆತು 7¼ಕ್ಕೆ ಕತ್ತರಿಸಿದೆ. ಕೆಳಗಿನ ಮೆಟ್ಟಿಲು ಸ್ವಲ್ಪ ಕುಳ್ಳ. ಅಲ್ಲಿ ಹೇಗೂ ಸೆಟ್ಟಿ ಸೆಟ್ಟಮ್ಮ ಅಂಗಡಿ ಇಟ್ಟುಕೊಂಡು ಕೂತಿರುತ್ತಾರೆ, ಅವರಿಗೇನೂ ತೊಂದರೆಯಿಲ್ಲ.

ಒಂದೇ ಅಳತೆಗೆ ಅಡ್ಡಪಟ್ಟಿಗೆ ಒಂದು ತಡೆತುಂಡು ಬಿಗಿದೆ. ಅದನ್ನು ಮೇಜಿಗೆ ತಾಗಿಸದೆ ಸ್ವಲ್ಪ ಮೇಲೆತ್ತಿ ಕಟ್ಟಬೇಕು, ಇಲ್ಲದಿದ್ದರೆ ಮೂಲೆಯಲ್ಲಿ ಪುಡಿ ಕೂತು ಪ್ರತಿ ಕಾಲೂ ಕೂದಲೆಳೆಯಷ್ಟು ಗಿಡ್ಡವಾಗುತ್ತಾ ಹೋಗುತ್ತದೆ. ತಡೆತುಂಡು ಒಂದೇ ಕಡೆ, ಅದೂ ಹಿಡಿದುಕೊಂಡ ಕಡೆ. ಇನ್ನೊಂದು ಕಡೆಯ ತುಂಡು ಸ್ವತಂತ್ರವಾಗಿ ಬೀಳಬೇಕು. ಎರಡೂ ಕಡೆ ಕಟ್ಟಿದರೆ ಬ್ಲೇಡು ನಡುವೆ ಸಿಕ್ಕಿಕೊಳ್ಳುತ್ತದೆ. 10 ಅಡಿ ಹಲಗೆಯ ತುದಿ ಜೋತು ಬೀಳದ ಹಾಗೆ ಎರಡು ಸ್ಟೂಲು ಇಟ್ಟೆ.

ಉದ್ದಕ್ಕೆ ಸೀಳುವ ಕೆಲಸ ಇದರಲ್ಲಿ ಮಾಡುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಮೋಟರು ತಿರುಗಿಸಿ ಲಾಕ್ ಮಾಡಿ, ಮರವನ್ನು ಹಲ್ಲಿಗೆ ಎದುರಾಗಿ ನೂಕಿದರೆ ಸೀಳಬಹುದು. ಮರ ಹಿಂದಕ್ಕೆ ಹಾರದಂತೆ ತಡೆಯಲು ಕೋಳಿಕಾಲಿನಂಥ ಉಗುರುಗಳೂ ಇವೆ. ಆದರೆ ಮರೆತು ತಪ್ಪು ಕಡೆಯಿಂದ ನೂಕಿದರೆ ಬ್ಲೇಡು ಹಲಗೆ ಕಿತ್ತುಕೊಂಡು ಬಾಣದ ಹಾಗೆ ಬಿಡುತ್ತದೆ, ಹಿಡಿದ ಕೈ ಬ್ಲೇಡಿನ ಕಡೆಗೇ ಹೋಗುತ್ತದೆ. ಇಲ್ಲಿನ ಕೆಲಸದ ಜಾಗಗಳಲ್ಲಿ ಗಾರ್ಡಿನ ಹಿಂದೆ "ಈ ಕಡೆಯಿಂದ ಸೀಳಬೇಡಿ" ಅಂತ ಚೀಟಿ ಇರಲೇಬೇಕು ಅಂತ ಕಾನೂನೇ ಇದೆ. ಹಲಗೆಗಳ ಅಗಲ 11¼ ಇಂಚು, ಹಾಗೇ ಸಾಕು.

ಹೋದ ವಾರ, ಗಾಡಿಗಳು

ಈ ಯಂತ್ರ ತಂದಿದ್ದಕ್ಕೆ ಸಾರ್ಥಕ ಅನ್ನಿಸಿದ್ದು ಇಲ್ಲಿ. ಗೆರೆ ಕಣ್ಣೆದುರೇ ಮೇಲಿರುತ್ತದೆ, ಕೊರೆಯುವುದು ಕಾಣುತ್ತದೆ. 8 ಇಂಚಿನ ಡೇಡೋ ಬ್ಲೇಡುಗಳ ಕಟ್ಟು, ಅಂದರೆ ಅಗಲದ ಗಾಡಿ ಕೊರೆಯಲು ಒಟ್ಟಿಗೆ ಜೋಡಿಸುವ ಬ್ಲೇಡುಗಳು, ಹಾಕಿದೆ. ಅಗಲ ಜಾಸ್ತಿಯಾದಷ್ಟೂ ಅದು ಹತ್ತುವ ಜೋರೂ ಜಾಸ್ತಿ. ನನ್ನ ಯಂತ್ರದಲ್ಲಿ ಹಿಡಿಕೆಯ ಒಂದು ಸುತ್ತಿಗೆ ತೋಳು 1/8 ಇಂಚು ಇಳಿಯುತ್ತದೆ. ಒಂದೂವರೆ ಸುತ್ತು ಇಳಿಸಿ ಒಮ್ಮೆ, ಇನ್ನೊಂದೂವರೆ ಇಳಿಸಿ ಇನ್ನೊಮ್ಮೆ ಎಳೆದೆ. ಮೊದಲನೇ ಗಾಡಿ ಸಡಿಲ. ಬ್ಲೇಡುಗಳ ನಡುವೆ ಅಗಲ ಹೊಂದಿಸಲು ಇಟ್ಟ ಕಾಗದದ ಷಿಮ್ ಒಂದು ತೆಗೆದ ಮೇಲೆ ಕಾಲು ಅಂಗೈಯಲ್ಲಿ ತಟ್ಟಿದರೆ ಕೂರುತ್ತದೆ, ಎತ್ತಿದರೆ ಬೀಳುವುದಿಲ್ಲ.

ಹತ್ತರಲ್ಲಿ ಏಳು ಗಾಡಿ ಆಗಿದೆ. ಮೂರು ಉಳಿದಿದೆ. ಆಮೇಲೆ ಮರಳುಕಾಗದ, ಎರಡು ಕೋಟು ಬಣ್ಣ. ಕೆಂಪೋ ಬಿಳಿಯೋ ಅನ್ನುವುದು ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.