ಪೋಸ್ಟಿಂಗ್‌ಗೆ ಬರುವ ಮಕ್ಕಳು

ವಾರ್ಡ್‌ಗೆ ಕಲಿಯಲು, ಅಂದರೆ ಪೋಸ್ಟಿಂಗ್‌ಗೆ, ಬರುವ ನರ್ಸಿಂಗ್ ವಿದ್ಯಾರ್ಥಿಗಳ ಮೇಲೆ ನಾವು ಸುಮ್ನೆ ರೇಗುತ್ತೇವೆ. ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದಾಗ ಇದನ್ನು ಹತ್ತಿರದಿಂದ ನೋಡಿದೆ.

ಕೇರಳದ ಹುಡುಗಿಯೊಬ್ಬಳು ಬಿಪಿ ನೋಡುತ್ತಿದ್ದಳು. ತೋಳಿಗೆ ಪಟ್ಟಿ ಸುತ್ತಿ, ಮೊಣಕೈ ಒಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು, ಗಾಳಿ ನಿಧಾನವಾಗಿ ಬಿಟ್ಟಳು. ಮೊದಲ ಟಕ್ ಕೇಳಿಸಿದಾಗಿನ ಅಂಕಿ ಮೇಲಿನ ಬಿಪಿ, ಸದ್ದು ನಿಂತಾಗಿನದು ಕೆಳಗಿನದು. ಸುತ್ತ ಟ್ರಾಲಿ, ಫೋನು, ನೋಡಲು ಬಂದವರ ಮಾತು. ಅದರ ನಡುವೆ ಆ ಸಣ್ಣ ಸದ್ದು ಹಿಡಿಯಬೇಕು. ‘ಇನ್ನೊಂದು ಸಲ ನೋಡಲಾ ಆಂಟಿ?’ ಎಂದು ಕೇಳಿದಳು. ಪಕ್ಕದ ಬೆಡ್‌ನವರು, ‘ಬರದಿದ್ರೆ ಬಿಡಮ್ಮ, ಸಿಸ್ಟರ್‌ನ ಕರಿ’ ಅಂದುಬಿಟ್ಟರು. ನನಗೆ ತುಂಬಾ ಬೇಜಾರಾಯಿತು. ಅನುಮಾನ ಬಂದಾಗ ಮತ್ತೆ ನೋಡುವುದೇ ಸರಿ, ಅಲ್ವಾ? ಅಂದಾಜಿಗೆ ಒಂದು ಅಂಕಿ ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಭಾಷೆಯ ಕಷ್ಟ ಬೇರೆ. ಬೆಂಗಳೂರಿನ ವಾರ್ಡ್‌ನಲ್ಲಿ ಒಂದು ಬೆಡ್ ಕನ್ನಡ, ಪಕ್ಕದ್ದು ತಮಿಳು, ಆಚೆಯದು ಉರ್ದು. ‘ಎಲ್ಲಿ ನೋವು?’ ಎಂದು ಕೇಳುವುದನ್ನು ಬೇಗ ಕಲಿಯುತ್ತಾರೆ. ಉತ್ತರ ಅರ್ಥವಾಗುವುದಕ್ಕೆ ಜಾಸ್ತಿ ದಿನ ಬೇಕು. ಬಿಎಸ್‌ಸಿ ನರ್ಸಿಂಗ್‌ನ 4 ವರ್ಷಗಳಲ್ಲಿ ಪಾಠ, ಪರೀಕ್ಷೆ ಎಲ್ಲದರ ಜೊತೆಗೇ ಈ ಪೋಸ್ಟಿಂಗ್. ದಿನವಿಡೀ ನಿಂತ ಕಾಲಲ್ಲಿ ಹಾಸ್ಟೆಲ್‌ಗೆ ಹೋಗಿ ಕೇರ್ ಪ್ಲಾನ್, ಅಂದರೆ ರೋಗಿಯ ಆರೈಕೆಯ ಯೋಜನೆ, ಬರೆಯುವುದೂ ಇರುತ್ತದೆ.