ಕಷಾಯದ ವಿಷಯ ಡಾಕ್ಟರಿಗೆ ಹೇಳಿರಲೇ ಇಲ್ಲ

ಎರಡು ವಾರದಿಂದ ಊಟ ಸೇರುತ್ತಿರಲಿಲ್ಲ, ಮೂರನೇ ಪೀರಿಯಡ್ಡಿಗೇ ಸುಸ್ತು. ಥೈರಾಯ್ಡ್ ಇರಬಹುದು ಅಂತ ರಕ್ತ ಕೊಟ್ಟು ಬಂದಿದ್ದೆ. ಸ್ಟಾಫ್ ರೂಮಿನಲ್ಲಿ ಕೂತು ಮೊಬೈಲಿನಲ್ಲಿ ರಿಪೋರ್ಟ್ ತೆರೆದರೆ ಥೈರಾಯ್ಡ್ ಸರಿಯಾಗಿಯೇ ಇತ್ತು. ಕೆಳಗೆ ಲಿವರ್ ಪರೀಕ್ಷೆಯ ಸಾಲುಗಳಲ್ಲಿ ಎಸ್‌ಜಿಪಿಟಿ 386, ಎಸ್‌ಜಿಒಟಿ 241. ಆ ಲ್ಯಾಬಿನ ಮಿತಿ 40. ಹತ್ತು ಪಟ್ಟು ಜಾಸ್ತಿ ಅಂದರೆ ಲಿವರ್ ಮುಗಿದೇ ಹೋಯಿತು ಅಂದುಕೊಂಡೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನನಗೇ ಹಾಗನ್ನಿಸಿತು.

ಹಾಸನದಲ್ಲಿ ನಾವು ತೋರಿಸುವ ಡಾಕ್ಟರು ಆ ಎರಡು ಸಾಲಿನ ಮೇಲೆ ಬೆರಳಿಡಲೇ ಇಲ್ಲ. ಮೊದಲು ನೋಡಿದ್ದು ಬಿಲಿರುಬಿನ್, ಅಲ್ಬುಮಿನ್. ಆಮೇಲೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆಗೂ ಬರೆದರು. "ಇವು ಲಿವರ್ ಕೆಲಸ ಮಾಡ್ತಿದೆಯಾ ಅಂತ ಹೇಳ್ತವೆ ಮೇಡಂ. ಎಸ್‌ಜಿಪಿಟಿ ಹೇಳೋದು ಬೇರೆ." ಎಸ್‌ಜಿಪಿಟಿ ಲಿವರಿನ ಜೀವಕೋಶಗಳ ಒಳಗೇ ಇರುವ ಕಿಣ್ವ. ಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತದೆ. ಸೋರಿಕೆ ಆಗುತ್ತಿದೆ ಅನ್ನುವುದಷ್ಟೇ ಆ ಅಂಕಿಯ ಸುದ್ದಿ, ಲಿವರ್ ಎಷ್ಟು ಉಳಿದಿದೆ ಅನ್ನುವುದಲ್ಲ. ಲಿವರ್ ಗಾಯಗಟ್ಟಿ ಗಟ್ಟಿಯಾಗುವ ಸಿರೋಸಿಸ್ ಬಲಿತವರಲ್ಲಿ ಎಸ್‌ಜಿಪಿಟಿ ಹೆಚ್ಚುಕಡಿಮೆ ನಾರ್ಮಲ್ ಬರುವುದೂ ಉಂಟಂತೆ. ಎಸ್‌ಜಿಒಟಿ ಸ್ನಾಯುಗಳಲ್ಲೂ ಇರುತ್ತದೆ, ಮೈ ಮುರಿದು ದುಡಿದರೂ ಏರುತ್ತದೆ. ನನ್ನ ಬಿಲಿರುಬಿನ್ 1.1, ಐಎನ್‌ಆರ್ 1.0. ಅವೆರಡೂ ಸರಿಯಿದ್ದದ್ದಕ್ಕೇ ಅವರು ಅಡ್ಮಿಟ್ ಆಗಿ ಅನ್ನಲಿಲ್ಲ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಅವತ್ತೇ ಬರಬೇಕು ಅಂದರು.

ಹೆಪಟೈಟಿಸ್ ಬಿ, ಸಿ ಎರಡೂ ನೆಗೆಟಿವ್. ಸ್ಕ್ಯಾನಿಂಗಿನಲ್ಲಿ ಹೇಳುವಂಥದ್ದೇನಿಲ್ಲ. "ಯಾವುದಾದ್ರೂ ಮಾತ್ರೆ, ಔಷಧಿ?" ಅಂದರು. "ಏನೂ ಇಲ್ಲ ಸರ್" ಅಂದೆ. ಪಕ್ಕದಲ್ಲಿದ್ದ ನಮ್ಮನೆಯವರು ಮೆಲ್ಲಗೆ, "ದಿನಾ ಬೆಳಿಗ್ಗೆ ಕಷಾಯ ಕುಡೀತೀಯಲ್ಲ?" ಅಂದರು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ. ಕಷಾಯ ಔಷಧಿ ಅಂತ ಹೊಳೆದೇ ಇರಲಿಲ್ಲ. ನಮ್ಮ ಹಿತ್ತಲಿನ ಬೇವಿನ ಮರಕ್ಕೆ ಅಮೃತಬಳ್ಳಿ ಹಬ್ಬಿದೆ. ಕೊರೊನಾ ಕಾಲದಲ್ಲಿ ಅತ್ತೆ ಶುರುಮಾಡಿದ ಪದ್ಧತಿ: ಹೆಬ್ಬೆರಳುದ್ದದ ಎರಡು ತುಂಡು ಕಾಂಡ ಜಜ್ಜಿ, ಮೆಣಸು ಹಾಕಿ, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸುವುದು. ನಡುವೆ ಬಿಟ್ಟಿದ್ದೆ. ಈ ಮಳೆಗಾಲ ನೆಗಡಿ ಅಂತ ಮತ್ತೆ ಹಿಡಿದು ಮೂರು ತಿಂಗಳಾಗಿತ್ತು.

ಮುಂಬೈಯ ವೈದ್ಯರು 2021ರಲ್ಲೇ ಹೀಗೆ ಅಮೃತಬಳ್ಳಿ ಕುಡಿದು ಲಿವರ್ ಊದಿಕೊಂಡ ಆರು ಜನರ ಬಗ್ಗೆ ಬರೆದಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿಯೊಂದಿದೆ ಅಂದಿತು. ಆ ಬಳ್ಳಿಯ ಕಾಂಡದ ತುಂಬ ಗಂಟುಗಂಟು. ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದೆ. ನಮ್ಮದರಲ್ಲಿ ಹಾಗೆ ಗಂಟುಗಳಿರಲಿಲ್ಲ. ಎಲೆ ಹೃದಯದಾಕಾರ, ನುಣುಪು. ನಮ್ಮದು ಅಸಲಿ ಅಮೃತಬಳ್ಳಿಯೇ ಅನ್ನುವುದು ನನ್ನ ನಂಬಿಕೆ.

ಅತ್ತೆಗೆ ಹೇಳುವುದೇ ಕಷ್ಟವಾಯಿತು. "ಅಲ್ಲ ಕಣವ್ವ, ನಾನೂ ಅದ್ನೇ ಕುಡಿದ್ನಲ್ಲ?" ಅಂದವರು ಒಳಗೆ ಹೋಗಿ ಮಲಗಿಬಿಟ್ಟರು. ಅವರಿಗೂ ಪರೀಕ್ಷೆ ಮಾಡಿಸಿದೆವು. ಎಸ್‌ಜಿಪಿಟಿ 22! ಒಂದೇ ಪಾತ್ರೆಯ ಕಷಾಯ. ಇಂಥ ತೊಂದರೆ ಕುಡಿದ ಅಳತೆಯ ಮೇಲಷ್ಟೇ ನಿಂತಿರುವುದಿಲ್ಲ, ಕೆಲವರ ಮೈಯ ರೋಗನಿರೋಧಕ ವ್ಯವಸ್ಥೆಯೇ ಲಿವರಿನ ಮೇಲೆ ತಿರುಗಿಬೀಳುತ್ತದೆ ಅಂತ ಡಾಕ್ಟರು ಅವರಿಗೇ ಕೂರಿಸಿ ವಿವರಿಸಿದರು. ಸ್ವಂತ ಮೈಯ ಮೇಲೇ ತಿರುಗಿಬೀಳುವ ಪ್ರತಿಕಾಯ ಇದೆಯಾ ಅಂತ ನೋಡುವ ಎಎನ್‌ಎ ಪರೀಕ್ಷೆ ನನಗೆ ಸ್ವಲ್ಪ ಪಾಸಿಟಿವ್ ಬಂದಿತ್ತು. ಹಾಗಾಗಿ ಕಷಾಯ ಬಿಟ್ಟ ಮೇಲೂ ನನ್ನ ಮೇಲೆ ಕಣ್ಣಿಡಬೇಕು ಅಂದರು.

ಬೇರೆ ಔಷಧಿ ಕೊಡಲಿಲ್ಲ. ಕಷಾಯ ನಿಲ್ಲಿಸಿದ್ದಷ್ಟೇ. ಎಸ್‌ಜಿಪಿಟಿ ಎರಡು ವಾರಕ್ಕೆ 190, ಆರು ವಾರಕ್ಕೆ 74, ಮೂರು ತಿಂಗಳಿಗೆ 36.

ಈಗ ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೇನೆ. ಬಿಪಿ ಮಾತ್ರೆ ಅತ್ತೆಯದು, ನೋವಿನ ಮಾತ್ರೆ ನಮ್ಮನೆಯವರದು, ಸಂಬಂಧಿಕರು ತಂದುಕೊಟ್ಟ ಚೂರ್ಣದ ಡಬ್ಬಿಯ ಹೆಸರು, ಎಲ್ಲ ಬರೆದಿದ್ದೇನೆ. ಮೊನ್ನೆ ಅತ್ತೆಯೇ ಕರೆದು, "ಮಂಡಿಗೆ ಹಚ್ಚೋ ಎಣ್ಣೆನೂ ಬರ್ಕೊ" ಅಂದರು. ಅದನ್ನೂ ಬರೆದುಕೊಂಡೆ.