ಹನ್ನೆರಡನೇ ರೂಮಿನ ಮೇಷ್ಟ್ರು ಮತ್ತು ಹಾಲಿನ ಲೆಕ್ಕದ ಕ್ಯಾಲೆಂಡರ್

ಭಾನುವಾರ ಅಂದರೆ ನಮ್ಮ ವೃದ್ಧರ ಹೋಮಿನ ಡೈನಿಂಗ್ ಹಾಲ್ ಮದುವೆ ಮನೆ. ಯಾರೋ ತಂದ ಕೇಸರಿಬಾತ್ ಡಬ್ಬಿ, ಇನ್ಯಾರದೋ ಅಮೆರಿಕದ ಮಗನ ವಿಡಿಯೊ ಕಾಲ್, ಯಾರೂ ನೋಡದೆ ಓಡುತ್ತಿರುವ ಟಿವಿ. ನಾನು ಫ್ಲೋರ್ ಇನ್‌ಚಾರ್ಜ್. ಮಧ್ಯಾಹ್ನದ ಮೆಡಿಸಿನ್ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದೆ. ಹನ್ನೆರಡನೇ ರೂಮಿನ ಮೇಷ್ಟ್ರು ಕುರ್ಚಿಯಿಂದ ಎದ್ದು, ಮೂಲೆಯಲ್ಲಿದ್ದ ದೊಡ್ಡ ಹೂಕುಂಡದ ಮುಂದೆ ನಿಂತು, ಟ್ರ್ಯಾಕ್ ಪ್ಯಾಂಟಿನ ಲಾಡಿಗೆ ಕೈ ಹಾಕಿದರು.

"ಅಯ್ಯೋ, ಯಾರಾದ್ರೂ ಬನ್ರೀ ಇಲ್ಲಿ!" ಅಂತ ಯಾರದೋ ಸೊಸೆ ಕಿರುಚಿದಳು.

ಮೇಷ್ಟ್ರ ಬಗ್ಗೆ ಮೂರು ವಾರದಿಂದ ಒಂದೊಂದೇ ಮಾತು ಕಿವಿಗೆ ಬೀಳುತ್ತಿತ್ತು. ಹಾಗಾಗಿ ಅವರು ಏನು ಮಾಡಲು ಹೊರಟಿದ್ದಾರೆ ಅಂತ ನಾನು ಯೋಚಿಸಲೇ ಇಲ್ಲ, ಉತ್ತರ ಮೊದಲೇ ರೆಡಿ ಇತ್ತು. ಟ್ರಾಲಿ ಬಿಟ್ಟು ಓಡಿದೆ. ಅವರ ಮಣಿಕಟ್ಟು ಹಿಡಿದೆ. "ಏನ್ ಮೇಷ್ಟ್ರೇ ಇದು? ಇಷ್ಟು ಜನರ ಮುಂದೆ? ನಾಚಿಕೆ ಆಗಲ್ವಾ ನಿಮಗೆ?" ಅಂದೆ. ಮೆಲ್ಲಗೆ ಅನ್ನಬಹುದಿತ್ತು. ಅಲ್ಲಿದ್ದವರಿಗೆಲ್ಲ ಕೇಳಲಿ, ಸ್ಟಾಫ್ ಕಂಟ್ರೋಲಲ್ಲಿ ಇದ್ದಾರೆ ಅಂತ ಗೊತ್ತಾಗಲಿ ಅಂತಲೇ ಜೋರಾಗಿ ಅಂದೆ.

ಹಾಲ್ ಗಪ್‌ಚಿಪ್. ನಾನು ಅವರನ್ನು ಕಾರಿಡಾರಿಗೆ ಎಳೆದೆ. ಮೇಷ್ಟ್ರಿಗೆ ಪಾರ್ಕಿನ್ಸನ್, ಕೈಕಾಲು ನಡುಗಿ ಬಿಗಿಯುವ ಕಾಯಿಲೆ. ಅದಿರುವವರನ್ನು ಎಳೆಯಬಾರದು, ಬಾಗಿಲ ಹತ್ತಿರ ಅವರ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಟ್ರೈನಿಗಳಿಗೆ ನಾನೇ ಹೇಳಿಕೊಡುವ ಪಾಠ ಇದು. ಮೇಷ್ಟ್ರು ಅಲ್ಲೇ ನಿಂತುಬಿಟ್ಟರು. ಬಾತ್‌ರೂಮಿಗೆ ಎಂಟೇ ಹೆಜ್ಜೆ. ನನ್ನ ಚಪ್ಪಲಿ ಬೆಚ್ಚಗಾಯಿತು. ತಗ್ಗಿ ನೋಡಿದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ಮನುಷ್ಯ, ಎರಡೂ ಕೈಯಲ್ಲಿ ಪ್ಯಾಂಟಿನ ಮುಂಭಾಗ ಮುಚ್ಚಿಕೊಂಡು, "ತಪ್ಪಾಯ್ತು ಮೇಡಂ" ಅಂದರು.

ಅಷ್ಟಾದ ಮೇಲಾದರೂ ಬುದ್ಧಿ ಬಂತಾ? ಇಲ್ಲ. ಹೆಲ್ಪರನ್ನು ಕರೆದು ಬಟ್ಟೆ ಬದಲಾಯಿಸಲು ಹೇಳಿ, ಸ್ಟೇಷನ್ನಿಗೆ ಬಂದು ಟ್ಯಾಬ್ ತೆಗೆದೆ. ಕಳೆದ ವರ್ಷ ಮ್ಯಾನೇಜ್‌ಮೆಂಟ್ ನಮ್ಮ ಇನ್ಸಿಡೆಂಟ್ ಬುಕ್ಕನ್ನು ಕಪಾಟಿಗೆ ಹಾಕಿ ಈ ಆ್ಯಪ್ ಕೊಟ್ಟಿತು. ಅದರಲ್ಲಿ ಬರೆಯುವ ಹಾಗಿಲ್ಲ, ಲಿಸ್ಟಿನಿಂದ ಆರಿಸಬೇಕು. 'ಅಗ್ರೆಸಿವ್', 'ರೆಫ್ಯೂಸ್ಡ್ ಕೇರ್', 'ವಾಂಡರಿಂಗ್', 'ಇನ್‌ಅಪ್ರೋಪ್ರಿಯೇಟ್'. 'ಮೂತ್ರಕ್ಕೆ ಅವಸರವಾಗಿತ್ತು, ಬಾತ್‌ರೂಮ್ ಎಲ್ಲಿ ಅಂತ ತಿಳಿಯಲಿಲ್ಲ' ಅನ್ನುವ ಆಯ್ಕೆ ಇಲ್ಲ. ನಾನು 'ಇನ್‌ಅಪ್ರೋಪ್ರಿಯೇಟ್', ಅಂದರೆ ಅಸಭ್ಯ ವರ್ತನೆ, ಒತ್ತಿದೆ. ಆ್ಯಪ್ ಮೇಲೆ ತಪ್ಪು ಹಾಕುವುದು ಸುಲಭ. ಪಕ್ಕದಲ್ಲೇ ಪೆನ್ನೂ ಇತ್ತು, ಹಾಳೆಯೂ ಇತ್ತು.

ಆ ಒಂದು ಪದ ಸಂಜೆಯೊಳಗೆ ಎಲ್ಲೆಲ್ಲಿಗೋ ಹೋಯಿತು. ಡ್ಯೂಟಿ ಡಾಕ್ಟರ್ ಫೋನಿನಲ್ಲೇ ರಾತ್ರಿಗೆ ಕ್ವೆಟಿಯಾಪಿನ್ 25 ಮಿ.ಗ್ರಾಂ ಹೇಳಿದರು, ಮನಸ್ಸಿನ ಕೆರಳಿಕೆ ತಗ್ಗಿಸುವ ಮಾತ್ರೆ. ಪಾರ್ಕಿನ್ಸನ್ ಅಂತ ನೆನಪಿಟ್ಟುಕೊಂಡು ಅದೇ ಜಾತಿಯ ಹ್ಯಾಲೊಪೆರಿಡಾಲ್ ಬರೆಯಲಿಲ್ಲ, ಅದೇ ಪುಣ್ಯ, ಬರೆದಿದ್ದರೆ ಮೈ ಮರಗಟ್ಟಿ ಹೋಗುತ್ತಿತ್ತು. ಆದರೂ ಮಂಗಳವಾರ ಬೆಳಿಗ್ಗೆ ಮೇಷ್ಟ್ರು ಮಂಚದಿಂದ ಎದ್ದ ಕೂಡಲೇ ಬಿ.ಪಿ. ಇಳಿದು ಮಂಡಿ ಊರಿ ಬಿದ್ದರು. ಗಂಜಿ ಬಾಯಲ್ಲೇ ಇಟ್ಟುಕೊಂಡು ತೂಕಡಿಸುತ್ತಿದ್ದರು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ವಯಸ್ಸಾದವರಿಗೆ ಈ ಜಾತಿಯ ಮಾತ್ರೆ ಕೊಟ್ಟರೆ ಸಾವಿನ ಅಪಾಯ ಹೆಚ್ಚು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಈಗ ನಮ್ಮಲ್ಲಿ ಕೆಲಸ ಮಾಡುವ ರಾಯಚೂರು ಕಡೆ ಹುಡುಗಿಯ ವಿಷಯ. ನಿಜಕ್ಕೂ ಇಂದಿಗೂ ಚುಚ್ಚುವುದು ಇದು.

ಮೇಷ್ಟ್ರ ಸ್ನಾನದ ಡ್ಯೂಟಿ ಅವಳದು. ಆ ಭಾನುವಾರಕ್ಕೆ ಮೂರು ವಾರ ಮೊದಲೇ ಹ್ಯಾಂಡೋವರ್ ಮುಗಿದ ಮೇಲೆ ಬಂದು, "ಅಕ್ಕಾ, ನನಗ ಹನ್ನೆರಡು ನಂಬರ್ ಬ್ಯಾಡ್ರೀ" ಅಂದಳು. ಯಾಕೆ ಅಂದೆ. ಸೋಪು ಹಚ್ಚುವಾಗ ಕೈ ಹಿಡಿದು ತನ್ನ ಕಡೆ ಎಳೆದುಕೊಳ್ಳುತ್ತಾರೆ, ಬಿಡಿಸಿಕೊಂಡರೆ ಮತ್ತೆ ಹಿಡಿಯುತ್ತಾರೆ, ಎದೆಗೆ ಕೈ ಹಾಕುತ್ತಾರೆ, ಯಾವುದೋ ಹೆಂಗಸಿನ ಹೆಸರು ಕೂಗುತ್ತಾರೆ ಅಂದಳು. ಆ ಹೆಸರು ತೀರಿಕೊಂಡ ಹೆಂಡತಿಯದು, ನನಗೆ ಗೊತ್ತಿತ್ತು. ನಾನು ನಕ್ಕೆ. "ತಾತ ಅಲ್ವೇನೇ, ಅವರಿಗೆ ಏನು ತಿಳಿಯುತ್ತೆ ಪಾಪ, ಬಿಡು" ಅಂದು ಮುಂದಿನ ವಾರದ ಚಾರ್ಟಿನಲ್ಲೂ ಅವಳನ್ನೇ ಹಾಕಿದೆ. ವಾರ್ಡ್ ಬಾಯ್ಸ್ ಇಬ್ಬರೇ ಇದ್ದರು, ಒಬ್ಬ ರಜೆ. ಕಾರಣ ಅಷ್ಟೇ.

ಗಮನಿಸಿ. ಕೈ ಹಾಕಿದ ದಿನ ಅವರು ನನಗೆ ಪಾಪದ ತಾತ. ಬರೀ ಮೂತ್ರಕ್ಕೆ ಅವಸರವಾದ ದಿನ, ನಾಚಿಕೆ ಇಲ್ಲದ ಗಂಡಸು. ನೋಡಿದವರು ಯಾರು ಅನ್ನುವುದರ ಮೇಲೆ ನಿಂತಿತ್ತು ನನ್ನ ಲೆಕ್ಕ.

ಬುಧವಾರ ನ್ಯೂರಾಲಜಿಸ್ಟ್ ರೌಂಡ್ಸ್. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಒಂದೂವರೆ ಗಂಟೆ ತಡವಾಗಿ ಬಂದರು, ಮುಖ ಗಂಟು. ನಾನು ಟ್ಯಾಬ್ ತೋರಿಸಿದೆ. "ಇನ್‌ಅಪ್ರೋಪ್ರಿಯೇಟ್ ಅಂದ್ರೆ ಏನಮ್ಮಾ? ಏನು ಮಾಡಿದ್ರು, ಎಷ್ಟು ಗಂಟೆಗೆ, ಅದಕ್ಕೆ ಮೊದಲು ಏನು ನಡೀತಿತ್ತು, ಯಾವತ್ತಿಂದ ಶುರು?" ಅಂದರು. ನನ್ನ ಹತ್ತಿರ ಒಂದಕ್ಕೂ ಉತ್ತರ ಇಲ್ಲ.

ಬಾಗಿಲ ಹತ್ತಿರ ಬೆಡ್‌ಶೀಟ್ ಹಿಡಿದು ನಿಂತಿದ್ದ ಆ ಹುಡುಗಿ ಮೆಲ್ಲಗೆ ಅಂದಳು: "ನನ್ನ ಹತ್ರ ಐತ್ರೀ ಸರ್."

ಅವಳ ರೂಮು ಹಿಂದಿನ ಬೀದಿಯಲ್ಲೇ, ಹತ್ತು ನಿಮಿಷದಲ್ಲಿ ಓಡಿ ಹೋಗಿ ತಂದಳು. ಗೋಡೆಯ ಕ್ಯಾಲೆಂಡರ್. ಮೂವರು ಹುಡುಗಿಯರು ಹಾಲಿನ ಲೆಕ್ಕ ಬರೆದುಕೊಳ್ಳುವ ಕ್ಯಾಲೆಂಡರ್ ಅದು. ನೀಲಿ ಚುಕ್ಕಿ ಅಂದರೆ ಅರ್ಧ ಲೀಟರ್, ಎರಡು ಚುಕ್ಕಿ ಅಂದರೆ ಒಂದು. ಅದರ ಪಕ್ಕದಲ್ಲಿ ಕೆಂಪು ಚುಕ್ಕಿಗಳು. "ಕೆಂಪೆಲ್ಲ ಮೇಷ್ಟ್ರೀ." ಹಿಂದಿನ ತಿಂಗಳ ಹಾಳೆಯಲ್ಲಿ ಒಂದೂ ಕೆಂಪಿಲ್ಲ. ಈ ತಿಂಗಳು ನಾಲ್ಕನೇ ತಾರೀಕಿನಿಂದ ಶುರು, ಹೆಚ್ಚುಕಡಿಮೆ ದಿನ ಬಿಟ್ಟು ದಿನ. ಸ್ನಾನದ ಹೊತ್ತಿಗೆ ಬಿಟ್ಟರೆ ಬೇರೆ ಹೊತ್ತಿನಲ್ಲಿ ಒಂದೋ ಎರಡೋ.

ಡಾಕ್ಟರ್ ಫೈಲ್ ತಿರುವಿದರು. ಕೈಕಾಲು ಬಿಗಿ ಜಾಸ್ತಿ ಅಂತ ಮನೆಯವರು ಹೊರಗಡೆ ತೋರಿಸಿದ್ದರು, ಅಲ್ಲಿ ಪಾರ್ಕಿನ್ಸನ್ ಮಾತ್ರೆ ಪ್ರಮಿಪೆಕ್ಸೋಲ್‌ನ ಡೋಸ್ ಏರಿಸಿದ್ದರು, ಹಿಂದಿನ ತಿಂಗಳು ಇಪ್ಪತ್ತೇಳಕ್ಕೆ. ಹೊಸ ಚೀಟಿಯನ್ನು ಫೈಲಿಗೆ ಹಾಕಿದವಳು ನಾನೇ.

ಈ ಗುಂಪಿನ ಮಾತ್ರೆ ಮೆದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕದ ಕೆಲಸ ಮಾಡುತ್ತದೆ. ನಡಿಗೆ ಸಲೀಸಾಗುತ್ತದೆ, ಕೆಲವರಲ್ಲಿ ಮನಸ್ಸಿನ ಕಡಿವಾಣವೂ ಸಡಿಲವಾಗುತ್ತದೆ. ಒಬ್ಬರು ಜೂಜಿಗೆ ಬೀಳುತ್ತಾರೆ, ಒಬ್ಬರು ಕಂಡದ್ದೆಲ್ಲ ಕೊಳ್ಳುತ್ತಾರೆ, ಇನ್ನೊಬ್ಬರಿಗೆ ಹೀಗಾಗುತ್ತದೆ. ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ಡಾಕ್ಟರ್ ಹಂತಹಂತವಾಗಿ ಇಳಿಸುವ ಚಾರ್ಟ್ ಬರೆದರು, ಕ್ವೆಟಿಯಾಪಿನ್ ಹೊಡೆದು ಹಾಕಿದರು, ಮೂತ್ರದಲ್ಲಿ ಸೋಂಕಿದೆಯಾ ನೋಡಲು ಯೂರಿನ್ ಕಲ್ಚರ್‌ಗೆ ಬರೆದರು, ಆಮೇಲೆ ಟ್ರ್ಯಾಕ್ ಪ್ಯಾಂಟ್ ಇಳಿಸಿ ನೋಡಿದರು. ತೊಡೆ ಸಂದಿಯಲ್ಲಿ ಕೆಂಪಗೆ ಫಂಗಸ್. ಲಾಡಿಗೆ ಕೈ ಹೋಗುತ್ತಿದ್ದುದಕ್ಕೆ ಅದೂ ಒಂದು ಕಾರಣವಿರಬೇಕು.

ಮಾತ್ರೆಯೊಂದೇ ಕಾರಣ ಅಂತ ಹೇಳುವುದಿಲ್ಲ. ಮೆದುಳಿನ ಮುಂಭಾಗ ಸವೆಯುವ ಡಿಮೆನ್ಷಿಯಾ ಇದ್ದವರಿಗೆ ಮಾತ್ರೆ ಇಲ್ಲದೆಯೂ ಹೀಗಾಗುತ್ತದೆ. ಮೂರನೇ ರೂಮಿನ ಅಜ್ಜಿ ಸೆಕೆಗೆ ನೈಟಿ ಎತ್ತಿಕೊಂಡು ಓಡಾಡುತ್ತಾರೆ, ಅದಕ್ಕೆ ಯಾರೂ 'ಇನ್‌ಅಪ್ರೋಪ್ರಿಯೇಟ್' ಒತ್ತಿಲ್ಲ.

ಆಮೇಲೆ ಮಾಡಿದ್ದು ದೊಡ್ಡದೇನಲ್ಲ. ಸ್ನಾನಕ್ಕೆ ಬಾಯ್ ಹೋದ. ನೀರು ಹಾಕುವಾಗ ಸೊಂಟದ ಮೇಲೆ ಟವೆಲ್, ಸೋಪು ಅವರ ಕೈಗೇ. ಎರಡು ಗಂಟೆಗೊಮ್ಮೆ ಟಾಯ್ಲೆಟ್. ಬಾತ್‌ರೂಮ್ ಬಾಗಿಲ ಮೇಲೆ ದೊಡ್ಡ ಚಿತ್ರ. ಕೈ ಎಳೆದರೆ ಕಿರುಚದೆ, ನಗದೆ, "ಮೇಷ್ಟ್ರೇ, ನಾನು ನರ್ಸ್" ಅಂತ ಹೇಳಿ ಕೈ ಬಿಡಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿಯುವುದು. ಮಗಳಿಗೆ ಹೇಳುವಾಗ ಮಾತ್ರ ನನ್ನ ಬಾಯಿ ಒಣಗಿತು. "ಅಪ್ಪ ಅಂಥವರಲ್ಲ" ಅಂತ ಅತ್ತರು. ಆಮೇಲಿಂದ ಪ್ರತಿ ಶನಿವಾರ ಬಂದು ತಂದೆಯ ಅಂಗೈಗೆ ಎಣ್ಣೆ ತಿಕ್ಕುತ್ತಾ ಕೂರುತ್ತಾರೆ, ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೈ ಕೊಟ್ಟಿರುತ್ತಾರೆ. ಹೆಂಡತಿ ಹೋದ ಮೇಲೆ ಅವರನ್ನು ಒರೆಸಲು, ತೊಳೆಯಲು ಬಿಟ್ಟರೆ ಬೇರೆ ಯಾರೂ ಮುಟ್ಟಿರಲಿಲ್ಲ. ತಿಂಗಳೊಳಗೆ ಕೈ ಎಳೆಯುವುದು ಬಹಳ ಕಡಿಮೆಯಾಯಿತು. ಪೂರ್ತಿ ನಿಂತಿಲ್ಲ.

ಹುಡುಗಿಯ ಕಡೆಯಿಂದ ಒಂದು ಕಂಪ್ಲೇಂಟ್ ಬರೆದುಕೊಂಡು ಆಫೀಸಿಗೆ ಹೋದೆ. "ಪೇಷೆಂಟ್ ಮೇಲೆ ಕಂಪ್ಲೇಂಟಾ?" ಅಂತ ಅಡ್ಮಿನ್ ಸಾಹೇಬರು ನಕ್ಕರು, ಥೇಟ್ ನಾನು ನಕ್ಕ ಹಾಗೇ. ಆಮೇಲೆ, "ಡ್ಯೂಟಿಗೆ ಬರುವಾಗ ಮಲ್ಲಿಗೆ ಮುಡಿಬೇಡಿ ಅಂತ ಹೇಳಿ ಹುಡುಗೀರಿಗೆ" ಅಂದರು. ಅವರ ತಲೆ ಮೇಲೆಯೇ ಗೋಡೆಗೆ, ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪೋಸ್ಟರ್ ಇದೆ. ಕೆಲಸದ ಜಾಗಕ್ಕೆ ಬಂದು ಹೋಗುವವರಿಂದಲೂ ಸಿಬ್ಬಂದಿಗೆ ರಕ್ಷಣೆ ಕೊಡುವುದು ಮಾಲೀಕರ ಕರ್ತವ್ಯ ಅಂತ ಆ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಮೇಷ್ಟ್ರನ್ನು ಜೈಲಿಗೆ ಹಾಕಿ ಅಂತ ಯಾರು ಕೇಳಿದ್ದರು? ಇನ್ನೊಬ್ಬ ಬಾಯ್ ಕೊಡಿ ಅಂತ ಕೇಳಿದ್ದೆ. ಕೊಡಲು ಎರಡು ತಿಂಗಳು ತೆಗೆದುಕೊಂಡರು.

ಅವಳನ್ನು ಗ್ರೌಂಡ್ ಫ್ಲೋರಿಗೆ ಹಾಕಿದೆ. ಸಾರಿ ಅಂದೆ. "ಅವ್ರಿಗೆ ತಿಳಿಯಂಗಿಲ್ಲ ಅಂತ ನನಗೂ ಗೊತ್ತೈತಿ ಅಕ್ಕಾ. ನೀವು ನಕ್ರಲ್ಲ, ನಿಮಗ ತಿಳಿತಿತ್ತು" ಅಂದಳು. ಏನು ಹೇಳಬೇಕೋ ತೋಚದೆ ಚಾರ್ಟ್ ತಿದ್ದುತ್ತಾ ಕೂತೆ. ಅವಳು ಹೋಗಲಿಲ್ಲ, ಅಲ್ಲೇ ನಿಂತಿದ್ದಳು.

"ಕ್ಯಾಲೆಂಡರ್ ಕೊಡ್ರೀ ಅಕ್ಕಾ, ಹಾಲಿನವ ರೊಕ್ಕಕ್ಕ ಬಂದಾನ."